ನಾನು ತಿದ್ದಿದ ಸುರಂಗ

ಹೋದ ತಿಂಗಳು ಇಬ್ಬರು ಹುಡುಗಿಯರು ಬಂಗಾರಪೇಟೆಯ ನಮ್ಮ ಮನೆ ಹುಡುಕಿಕೊಂಡು ಬಂದರು. ಬೆಂಗಳೂರಿನ ಕಾರ್ಟೂನ್ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದವರು. "ಆಂಟಿ, ಆ ಜಪಾನಿ ಸೀರಿಯಲ್ಲಿಗೆ ಬಣ್ಣ ಹಾಕಿದ್ದು ನೀವಂತೆ, ನಿಜವಾ?" ಎಂದು ಒಬ್ಬಳು ಕೇಳಿದಳು. ಆ ಸೀರಿಯಲ್ಲಿಗೆ ಮೂಲವಾದ ವಿಡಿಯೋ ಗೇಮನ್ನು ಅವಳು ಫೋನಿನಲ್ಲಿ ಮೂರು ಸಲ ಆಡಿ ಮುಗಿಸಿದ್ದಳಂತೆ. ಬಣ್ಣ ಹಾಕಿದವರು ಬೇರೆ, ನಾನು ಗೆರೆ ಎಳೆದವಳು ಎಂದೆ. ಇಬ್ಬರೂ ನನ್ನ ಜೊತೆ ಫೋಟೊ ತೆಗೆಸಿಕೊಂಡು ಹೋದರು. ಕೆಲಸ ಹೇಗಿತ್ತು ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೂ ಕಾಫಿ ಆರುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಗೆರೆ ಎಳೆಯಲು ಕಲಿತದ್ದು ಚಿನ್ನದ ಗಣಿಯಲ್ಲಿ. ಗಣಿಯ ಒಳಗಲ್ಲ, ಮೇಲೆ, ನಕ್ಷೆ ಬರೆಯುವ ಆಫೀಸಿನಲ್ಲಿ. ನಮ್ಮಪ್ಪ ಮುನಿಯಪ್ಪ ಬಂಗಾರಪೇಟೆ ಪಕ್ಕದ ಹಳ್ಳಿಯವನು. ಹರೆಯದಲ್ಲೇ ಹೊಲ ಬಿಟ್ಟು ಗಣಿಗೆ ಇಳಿದ. ಸುರಂಗದ ಮೇಲ್ಛಾವಣಿ ಕುಸಿಯದಂತೆ ಮರದ ಕಂಬ ನಿಲ್ಲಿಸುವುದು ಅವನ ಕೆಲಸ. ನಾವು ನಂದಿದುರ್ಗ ಗಣಿಯ ಕೂಲಿಯವರ ಲೈನು ಮನೆಯಲ್ಲಿದ್ದೆವು. ಮನೆಯಲ್ಲಿ ಕನ್ನಡ, ನೀರಿನ ನಲ್ಲಿಯ ಹತ್ತಿರ ತಮಿಳು, ಅಜ್ಜಿ ಊರಿಂದ ಬಂದರೆ ತೆಲುಗು. ನಾನು ಐಟಿಐಯಲ್ಲಿ ನಕ್ಷೆ ಬರೆಯುವ ಕೋರ್ಸು ಮುಗಿಸಿ ಎಪ್ಪತ್ತರ ದಶಕದ ಕೊನೆಯಲ್ಲಿ ಆ ಆಫೀಸಿಗೆ ಟ್ರೇಸರ್ ಆಗಿ ಸೇರಿದೆ. ಸರ್ವೆಯವರು ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟ ಸುರಂಗದ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಇಂಕಿನಲ್ಲಿ ಗೆರೆ ಎಳೆಯಬೇಕು. ಆ ಬಟ್ಟೆಗೆ ಗಂಜಿ ಹಾಕಿರುತ್ತಾರೆ. ಒಂದು ಹನಿ ಬೆವರು ಬಿದ್ದರೂ ಕೆಟ್ಟಿತು. ಹಾಗಾಗಿ ಅಂಗೈ ಕೆಳಗೆ ಒಂದು ಕಾಗದ, ಬೆರಳಿಗೂ ಬಟ್ಟೆಗೂ ಚಾಕ್ ಪುಡಿ.

ನಮ್ಮ ಮೇಲಿನವರು ಜ್ಞಾನಮಣಿ ಸಾರ್. ತಮಿಳರು. ಕನ್ನಡದಲ್ಲಿ ಬೈಯಲು ಶುರು ಮಾಡಿದರೆ ನಡುವೆ ತಮಿಳಿಗೆ ಹೋಗಿ, ಅಲ್ಲಿಂದ ಸುಮ್ಮನಾಗಿಬಿಡುತ್ತಿದ್ದರು. ಸೇರಿದ ಮೂರನೇ ತಿಂಗಳಲ್ಲಿ ಒಂದು ನಕ್ಷೆಯಲ್ಲಿ ಸುರಂಗದ ಗೆರೆ ಅಲ್ಲಲ್ಲಿ ಡೊಂಕಾಗಿತ್ತು. ಸರ್ವೆಯವರ ಕೈ ನಡುಗಿರಬೇಕು ಎಂದುಕೊಂಡು ನಾನು ಅಚ್ಚುಕಟ್ಟಾಗಿ ನೇರ ಮಾಡಿ ಎಳೆದೆ. ಜ್ಞಾನಮಣಿ ಸಾರ್ ಎರಡನ್ನೂ ಕಿಟಕಿ ಗಾಜಿಗೆ ಒತ್ತಿ ಹಿಡಿದು ನೋಡಿದರು.

"ಏಮ್ಮಾ ರತ್ನಾ, ಈ ಸುರಂಗ ನೇರ ಇದೆ ಅಂತ ನೀನು ಇಳಿದು ನೋಡಿದ್ಯಾ?"

"ಇಲ್ಲ ಸಾರ್."

"ಅವರು ನೋಡಿದ್ದಾರೆ. ಬಂಡೆ ಬಿಡಲಿಲ್ಲ, ಅದಕ್ಕೆ ತಿರುಗಿದ್ದಾರೆ. ನಿನ್ನ ಪೆನ್ನು ತಿರುಗಲಿಲ್ಲ ಅಂದ್ರೆ ನಾಳೆ ಇದನ್ನ ನಂಬಿ ಇನ್ನೊಬ್ಬ ಪಕ್ಕದಲ್ಲೇ ತೂತು ಕೊರೀತಾನೆ."

ದೂರು ಬರೆಯಲಿಲ್ಲ. ಹೊಸ ಬಟ್ಟೆ ಕೊಟ್ಟು ಮೊದಲಿನಿಂದ ಬರೆಸಿದರು. ಅಂದಿನಿಂದ ಹದಿನೈದು ವರ್ಷ ನಾನು ಇದ್ದದ್ದನ್ನು ಇದ್ದ ಹಾಗೇ ಎಳೆದೆ. ನನ್ನ ಕೈಯಲ್ಲಿ ಮಾಡಿದ ಅತಿ ಒಳ್ಳೆಯ ಕೆಲಸ ಆ ನಕ್ಷೆಗಳೇ ಎಂದು ಈಗಲೂ ಅನ್ನಿಸುತ್ತದೆ. ಅವು ಎಲ್ಲಿ ಹೋದವೋ.

ತೊಂಬತ್ತರ ದಶಕ ಬರುವ ಹೊತ್ತಿಗೆ ಆಫೀಸಿನಲ್ಲಿ ಮೇಜುಗಳು ಖಾಲಿಯಾಗುತ್ತ ಬಂದವು. ಎರಡು ಮೂರು ವರ್ಷ ನೋಡಿ ನಾನೂ ಬಿಟ್ಟೆ. ಅಷ್ಟರಲ್ಲಿ ಅಪ್ಪನೂ ಕೆಲಸ ಬಿಟ್ಟಿದ್ದ, ನಾವೆಲ್ಲ ಬಂಗಾರಪೇಟೆಗೆ ಬಂದಿದ್ದೆವು. ಅಪ್ಪ ಒಂದು ಹಸು ಕಟ್ಟಿದ. ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರ ಜೊತೆ ಸೇರಿಕೊಂಡು ಕೆಲಸ ಹುಡುಕಿದೆ. ಕೈಯಲ್ಲಿ ಗೆರೆ ಎಳೆಯುವವರು ಬೇಕು ಎಂದು ಒಂದು ಸ್ಟುಡಿಯೋ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಒಳಗೆ ಹೋದೆ.

ಅದು ಕಾರ್ಟೂನ್ ಸ್ಟುಡಿಯೋ ಎಂದು ತಿಳಿದದ್ದು ಪರೀಕ್ಷೆಗೆ ಕೂತ ಮೇಲೆ. ಕಥೆ ಕಟ್ಟುವುದು, ಚಿತ್ರ ಬರೆಯುವುದು ಎಲ್ಲ ಜಪಾನಿನಲ್ಲಿ. ಪೆನ್ಸಿಲ್ ಚಿತ್ರಗಳು ವಿಮಾನದಲ್ಲಿ ನಮಗೆ ಬರುತ್ತಿದ್ದವು. ಪಾರದರ್ಶಕವಾದ ಸೆಲ್ ಹಾಳೆಯನ್ನು ಅದರ ಮೇಲಿಟ್ಟು ನಾವು ಇಂಕಿನಲ್ಲಿ ಗೆರೆ ಎಳೆಯಬೇಕು. ಹಾಳೆ ತಿರುಗಿಸಿ ಹಿಂಬದಿಯಿಂದ ಇನ್ನೊಬ್ಬರು ಬಣ್ಣ ತುಂಬಬೇಕು. ಒಬ್ಬಳು ತಲೆಯೆತ್ತಿ ನೋಡಿದಳೆಂದು ತೋರಿಸಲು ಹತ್ತು ಹಾಳೆ ಬೇಕು. ಕೆಲಸ ಮುಗಿದ ಹಾಳೆಗಳು ಮತ್ತೆ ವಿಮಾನ ಹತ್ತಿ ಹೋಗಿ, ಅಲ್ಲಿ ಕ್ಯಾಮೆರಾ ಕೆಳಗೆ ಕೂರುತ್ತಿದ್ದವು.

ಮಿಕ್ಕವರೆಲ್ಲ ಇಪ್ಪತ್ತರ ಆಸುಪಾಸಿನವರು. ನನಗೆ "ಗಣಿ ಅಕ್ಕ" ಎಂದು ಹೆಸರಿಟ್ಟರು. ಮೊದಲ ವಾರ ನನ್ನ ಹಳೇ ಅಭ್ಯಾಸದಂತೆ ಹಾಳೆಗೆ ಚಾಕ್ ಪುಡಿ ಉಜ್ಜಿದೆ. ಅಂದು ನಾನು ಮುಟ್ಟಿದ ಹಾಳೆಯೆಲ್ಲ ಬೆಳಕಿಗೆ ಹಿಡಿದರೆ ಮಂಜು ಕವಿದ ಹಾಗೆ ಕಾಣುತ್ತಿತ್ತು. ಬಣ್ಣ ತುಂಬುವ ಫಿಲೋಮಿನಾ ಅವನ್ನು ಒಂದೊಂದಾಗಿ ನನ್ನ ಜೊತೆ ಒರೆಸಿದಳು. ಮ್ಯಾನೇಜರ್ ವಾಸು ಸಾರ್ ಬರುವಷ್ಟರಲ್ಲಿ ಮುಗಿಸಿದ್ದೆವು. ಒಂದು ಕೆಲಸದಲ್ಲಿ ಜಾಣತನ ಎನಿಸಿಕೊಂಡದ್ದು ಇನ್ನೊಂದು ಕೆಲಸದಲ್ಲಿ ಕೊಳೆ ಆಗುತ್ತದೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ಎರಡನೇ ವರ್ಷ ಬಂದದ್ದು ಆ ಸೀರಿಯಲ್ಲು. ಹೆಸರು ಜಪಾನಿಯಲ್ಲಿತ್ತು, ನಮಗೆ ಓದಲು ಬರುತ್ತಿರಲಿಲ್ಲ. ಕಥಾನಾಯಕಿ ಯಾವಾಗಲೂ ಲಾಟೀನು ಹಿಡಿದಿರುತ್ತಿದ್ದುದರಿಂದ ನಾವು "ಲಾಟೀನು ಸೀರಿಯಲ್ಲು" ಎನ್ನುತ್ತಿದ್ದೆವು. ಅದರ ಜೊತೆ ಕುರೋದಾ ಎಂಬ ಹೆಂಗಸು ಮೇಲ್ವಿಚಾರಣೆಗೆ ಬಂದು ನಾಲ್ಕು ತಿಂಗಳು ಇದ್ದರು. ಐವತ್ತು ದಾಟಿದವರು, ಗಿಡ್ಡ ಕೂದಲು, ಕೊರಳಿಗೆ ದಾರ ಕಟ್ಟಿದ ಭೂತಗನ್ನಡಿ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದವಾಗಿದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಅವರು ಬಂದ ಮಾರನೇ ದಿನ ಒಂದು ಪೆಟ್ಟಿಗೆ ಬಿಚ್ಚಿ, ಆಟದ ಯಂತ್ರವನ್ನು ಊಟದ ಕೋಣೆಯ ಟಿವಿಗೆ ಜೋಡಿಸಿದರು. ಎಲ್ಲರೂ ಆಡಲೇಬೇಕು ಎಂದರು. ಆ ಆಟದಲ್ಲಿ ಕಾರು ಓಡಿಸುವುದು, ಗುಂಡು ಹೊಡೆಯುವುದು ಇರಲಿಲ್ಲ. ನಾಲ್ಕು ಮಂದಿ ಊರಿಂದೂರಿಗೆ ನಡೆಯುತ್ತಾರೆ: ಲಾಟೀನಿನ ಹುಡುಗಿ, ಅವಳ ಗೆಳತಿ, ಒಬ್ಬ ವೈದ್ಯ, ಹೊರೆ ಹೊರುವ ಒಬ್ಬ ಮುದುಕ. ಆಡುವವರೇ ಆ ಹುಡುಗಿ. ಸಿಕ್ಕವರ ಜೊತೆ ಮಾತಾಡಬೇಕು, ದಾರಿ ಆರಿಸಬೇಕು, ಅಡ್ಡ ಬಂದ ಪ್ರಾಣಿಗಳ ಜೊತೆ ಕಾದಾಡಬೇಕು, ಉಳಿದ ಮೂವರನ್ನು ಕಾಪಾಡಿಕೊಂಡು ಮುಂದೆ ಹೋಗಬೇಕು. ಹೀಗೇ ಎಷ್ಟೋ ದಿನ ಆಡಬಹುದು. ಜಪಾನಿನ ಜನ ಅದನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ, ಹುಡುಗಿಯ ಮೇಲಂಗಿಯ ಕೆಂಪು ಚೂರು ಬೇರೆಯಾದರೂ ಕಾಗದ ಬರೆದು ಜಗಳಕ್ಕೆ ಬರುತ್ತಿದ್ದರಂತೆ.

ನನಗೆ ವಿಚಿತ್ರವೆನಿಸಿದ್ದು ಇದು: ಆಟದಲ್ಲಿ ಆ ಹುಡುಗಿಗೆ ಮುಖವೇ ಇರಲಿಲ್ಲ. ಪುಟ್ಟ ಪುಟ್ಟ ಬಣ್ಣದ ಚೌಕಗಳು, ಅಷ್ಟೆ. ಕುರೋದಾ ಅವರನ್ನು ಕೇಳಿದೆ, "ಮುಖವೇ ಇಲ್ಲದವಳ ಮೇಲೆ ಇಷ್ಟು ಪ್ರೀತಿ ಹೇಗೆ?"

"ಮುಖವನ್ನು ಆಡಿದವರು ತಮ್ಮ ಮನಸ್ಸಿನಲ್ಲಿ ಬರೆದುಕೊಂಡಿದ್ದಾರೆ," ಎಂದರು. "ನಾವು ಈಗ ಅದರ ಮೇಲೆ ಗೆರೆ ಎಳೆಯುತ್ತಿದ್ದೇವೆ. ಅದಕ್ಕೇ ನನಗೆ ಭಯ."

ಊಟದ ಹೊತ್ತಿನಲ್ಲಿ ನಾನೂ ಫಿಲೋಮಿನಾಳೂ ಸರದಿಯ ಮೇಲೆ ಆಡಿದೆವು. ಬರಹ ಓದಲು ಬಾರದ್ದರಿಂದ ನಮ್ಮ ಹುಡುಗಿ ಒಂದೇ ಊರಿನಲ್ಲಿ ಬಾವಿಯ ಸುತ್ತ ಎರಡು ವಾರ ತಿರುಗಿದಳು. ಆಮೇಲೆ ಕೆಲಸ ಹೆಚ್ಚಿತು, ಆಟ ಬಿಟ್ಟೆವು. ಅದೇ ತಪ್ಪಾದದ್ದು.

ಮಳೆಗಾಲ ಮುಗಿಯುವ ಹೊತ್ತಿಗೆ ಬಂದ ಕಂತಿನಲ್ಲಿ ನಾಲ್ವರೂ ಒಂದು ಹಳೆಯ ಗಣಿಯೊಳಗೆ ಇಳಿಯುತ್ತಾರೆ. ಸಾಮಾನ್ಯವಾಗಿ ಹಿಂದಿನ ದೃಶ್ಯ, ಗೋಡೆ, ಮರ ಇವೆಲ್ಲ ಜಪಾನಿನಲ್ಲೇ ಬರೆದಿರುತ್ತಿದ್ದವು. ಈ ದೃಶ್ಯದಲ್ಲಿ ಲಾಟೀನಿನ ಬೆಳಕು ಓಲಾಡುತ್ತ ಕಂಬಗಳ ಮೇಲೆ ಹರಿಯುವುದರಿಂದ ಕಂಬಗಳನ್ನೂ ನಾವೇ ಹಾಳೆಯಲ್ಲಿ ಎಳೆಯಬೇಕಿತ್ತು. ನಲವತ್ತೆಂಟು ಹಾಳೆ. ಗಣಿ ಅಕ್ಕನಿಗೇ ಕೊಡಿ ಎಂದು ವಾಸು ಸಾರ್ ನನ್ನ ಮೇಜಿಗೆ ಕಳಿಸಿದರು.

ನೋಡಿದ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಚಿತ್ರದ ಕಾಗದ ಸ್ಟುಡಿಯೋದ ಹೊಸ್ತಿಲು ದಾಟಬಾರದು ಎಂಬುದು ನಿಯಮ. ಆದರೂ ಒಂದರ ಜೆರಾಕ್ಸ್ ತೆಗೆದು, ಟಿಫನ್ ಚೀಲದಲ್ಲಿಟ್ಟುಕೊಂಡು ಸಂಜೆ ರೈಲು ಹತ್ತಿದೆ. ಅಪ್ಪ ಜಗಲಿಯ ಮೇಲೆ ಕೂತಿದ್ದ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಯಾರಮ್ಮಾಯಿ ಈ ಮರ ನಿಲ್ಸಿದ್ದು?"

"ಯಾರೂ ಅಲ್ಲಪ್ಪಾ. ಕಾರ್ಟೂನು ಇದು, ಬೊಂಬೆ."

"ಬೊಂಬೆ ಆದ್ರೇನು? ಈ ಮಕ್ಳು ಇದ್ರ ಕೆಳ್ಗೆ ಓಗ್ತಾವೆ ತಾನೆ? ನೋಡಿಲ್ಲಿ, ಕಂಬದ ತಲೆ ಮ್ಯಾಲೆ ಬೆಣೆ ಎಲ್ಲೈತೆ? ಈ ಕಂಬ ಓರೆ ಆಗೈತೆ. ಗಟ್ಟಿಯಾಗಿ ಕೆಮ್ಮಿದ್ರೂ ಬೀಳ್ತೈತೆ ಇದು. ಏಳು ಅವರ್ಗೆ."

ನಾನು ಯಾರಿಗೂ ಹೇಳಲಿಲ್ಲ. ಮಾರನೇ ದಿನ ನಾನೇ ತಿದ್ದಿದೆ. ಕಂಬಗಳನ್ನು ನೇರ ಮಾಡಿ, ಮೇಲಿನ ಅಡ್ಡ ಮರಕ್ಕೂ ಕಂಬಕ್ಕೂ ನಡುವೆ ಬೆಣೆ ಹೊಡೆದು, ನಲವತ್ತೆಂಟು ಹಾಳೆಯಲ್ಲೂ ಸುರಂಗವನ್ನು ಭದ್ರ ಮಾಡಿದೆ. ಜಪಾನಿನವರಿಗೆ ಗಣಿ ಗೊತ್ತಿಲ್ಲ, ನನಗೆ ಗೊತ್ತು ಎಂಬ ಹೆಮ್ಮೆಯಿಂದ ಮೂರು ದಿನ ಕೆಲಸ ಮಾಡಿದೆ. ಬಣ್ಣವೂ ತುಂಬಿ ಆಯಿತು.

ಪಾರ್ಸೆಲ್ ಕಟ್ಟಬೇಕಾದ ದಿನ ಬೆಳಗ್ಗೆ ಕುರೋದಾ ಅವರು ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದವರು ನಿಂತುಬಿಟ್ಟರು. ಭೂತಗನ್ನಡಿ ತೆಗೆದರು. ಮೂಲ ಚಿತ್ರ ತರಿಸಿ ಪಕ್ಕದಲ್ಲಿಟ್ಟರು. ಆಮೇಲೆ ನನ್ನನ್ನು ಕರೆದರು.

"ಬೆಣೆ ಹಾಕಿದ್ದು ಯಾರು?"

"ನಾನೇ. ಚಿತ್ರದಲ್ಲಿ ತಪ್ಪಿತ್ತು."

ಅವರು ಕುರ್ಚಿಯ ಮೇಲೆ ಕೂತರು. ಕೋಪ ಮಾಡಿಕೊಳ್ಳಲಿಲ್ಲ, ಮಗುವಿಗೆ ಕಥೆ ಹೇಳುವಂತೆ ನಿಧಾನವಾಗಿ ಹೇಳಿದರು. ಆ ಬೆಣೆಗಳನ್ನು ಒಬ್ಬ ಕೇಡಿಗ ಮುಂಚೆಯೇ ಬಂದು ಕಿತ್ತುಹಾಕಿದ್ದಾನೆ. ಆಟದಲ್ಲಿ ಲಾಟೀನು ಎತ್ತಿ ಕಂಬಗಳನ್ನು ಗಮನಿಸಿದವರಿಗೆ ಅದು ತಿಳಿಯುತ್ತದೆ. ಗಮನಿಸದೆ ಮುಂದೆ ಹೋದವರು ಕುಸಿತದಲ್ಲಿ ಹೊರೆಯ ಮುದುಕನನ್ನು ಕಳೆದುಕೊಳ್ಳುತ್ತಾರೆ. ಆಟ ಆಡಿದ ಪ್ರತಿಯೊಬ್ಬರೂ ಆ ಕಂಬಗಳನ್ನು ನೋಡಲು ಕಾಯುತ್ತಿರುತ್ತಾರೆ. ನಾನು ತಿದ್ದಿದ್ದು ಇಡೀ ಕಥೆಯ ಗುಟ್ಟನ್ನು.

ನನ್ನ ಕಾಲ ಕೆಳಗೇ ಸುರಂಗ ಬಾಯಿಬಿಟ್ಟ ಹಾಗಾಯಿತು. ವಾಸು ಸಾರ್ ಬಂದರು. "ರತ್ನಮ್ಮಾ, ಇದೊಂದು ಕಾಂಟ್ರಾಕ್ಟು ಹೋದ್ರೆ ಇಲ್ಲಿ ಮೂವತ್ತು ಜನ ಮನೆಗೆ ಹೋಗ್ತಾರೆ. ಗೊತ್ತಾ ನಿಮಗೆ?" ಎಂದರು. ಗೊತ್ತಿತ್ತು. ಫಿಲೋಮಿನಾ ಬಣ್ಣದ ಬಟ್ಟಲು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಹೇಳುವುದಾದರೆ ಪೂರ್ತಿ ಹೇಳಿಬಿಡೋಣ ಎಂದುಕೊಂಡು, ಜೆರಾಕ್ಸ್ ಮನೆಗೆ ಒಯ್ದು ಅಪ್ಪನಿಗೆ ತೋರಿಸಿದ್ದನ್ನೂ ಹೇಳಿದೆ. ವಾಸು ಸಾರ್ ಹಣೆಗೆ ಕೈ ಹಚ್ಚಿಕೊಂಡರು.

ಅಂದು ಎಲ್ಲರೂ ತಮ್ಮ ಕೆಲಸ ಬದಿಗಿಟ್ಟು ನನ್ನ ತಪ್ಪನ್ನು ಹಂಚಿಕೊಂಡರು. ಆರು ಮಂದಿ ಗೆರೆ, ಮಿಕ್ಕವರೆಲ್ಲ ಬಣ್ಣ. ನಾನು ಓರೆ ಕಂಬವನ್ನು ಓರೆಯಾಗಿಯೇ ಎಳೆದೆ. ಪಾರ್ಸೆಲ್ ಒಂದು ದಿನ ತಡವಾಗಿ ಹೋಯಿತು. ಕುರೋದಾ ಅವರು ತಮ್ಮ ಕಂಪನಿಗೆ ಏನು ಬರೆದರೋ ನನಗೆ ತಿಳಿಯದು. ಕಾಂಟ್ರಾಕ್ಟು ಉಳಿಯಿತು, ನಾನೂ ಉಳಿದೆ. ಹೊಸಬರಿಗೆ ಹೇಳುವುದೊಂದೇ: ನಿಮ್ಮ ಮೇಜಿಗೆ ಬಂದದ್ದು ಕಥೆಯ ಒಂದು ತುಣುಕು. ತಪ್ಪು ಕಂಡರೆ ತಿದ್ದುವ ಮೊದಲು ಎದ್ದು ಹೋಗಿ ಕೇಳಿ. ಅರ್ಧ ನಿಮಿಷದ ಕೆಲಸ ಅದು. ನಾನು ಅದನ್ನು ಎರಡು ಸಲ ಕಲಿಯಬೇಕಾಯಿತು.

ಆ ಶನಿವಾರ ಕುರೋದಾ ಅವರು ನನ್ನ ಮೇಜಿನ ಹತ್ತಿರ ಬಂದರು. "ಒಂದೇ ಚಿತ್ರ ನೋಡಿ ಬೆಣೆ ಇಲ್ಲ ಎಂದು ಹೇಳಿದವರು ನಿಮ್ಮ ತಂದೆಯಾ? ಮುಂದಿನ ಕಂತಿನಲ್ಲಿ ಆ ಸುರಂಗ ಕುಸಿಯುತ್ತದೆ. ಅದನ್ನು ಈಗ ಟೋಕಿಯೋದಲ್ಲಿ ಬರೆಯುತ್ತಿದ್ದಾರೆ. ಬರೆಯುವ ಯಾರೂ ಕುಸಿತ ಕಂಡವರಲ್ಲ. ಅವರನ್ನು ಭೇಟಿ ಮಾಡಬಹುದಾ?"

ಭಾನುವಾರ ರೈಲಿನಲ್ಲಿ ಕರೆತಂದೆ. ಗಣಿ ನೋಡಬೇಕು, ಮೊದಲು ಬಂಗಾರಪೇಟೆ ದಾಟಿ ಕೊನೇ ಸ್ಟೇಷನ್ ಮಾರಿಕುಪ್ಪಂವರೆಗೆ ಹೋಗೋಣ ಎಂದರು. ಗಣಿಯ ಮಣ್ಣಿನ ಗುಡ್ಡಗಳು ಕಂಡಾಗ ಚೀಲದಿಂದ ಬಣ್ಣದ ಪಟ್ಟಿ ತೆಗೆದು ಕಿಟಕಿಗೆ ಹಿಡಿದು, ಯಾವ ನಂಬರು ಹೊಂದುತ್ತದೆಂದು ನೋಡಿದರು. ಎದುರು ಸೀಟಿನ ಹೂವಿನ ಹೆಂಗಸು, "ಎನ್ನಮ್ಮಾ, ಈ ಅಮ್ಮ ಸೀರೆಗೆ ಬ್ಲೌಸ್ ಮ್ಯಾಚಿಂಗ್ ನೋಡ್ತಾವ್ರಾ?" ಎಂದು ಕೇಳಿದಳು. ಹೌದೆಂದೆ.

ಬಂಗಾರಪೇಟೆಗೆ ವಾಪಸು ಬಂದಾಗ ಅಪ್ಪ ಒಗೆದ ಪಂಚೆ ಉಟ್ಟು ಕಾಯುತ್ತಿದ್ದ. ಹಿತ್ತಲಿನಲ್ಲಿ ಸೌದೆಯ ತುಂಡುಗಳನ್ನು ನಿಲ್ಲಿಸಿ, ಮೇಲೊಂದು ಅಡ್ಡ ಇಟ್ಟು, ಅದರ ಮೇಲೆ ಚಪ್ಪಡಿ ಕಲ್ಲು ಹೇರಿದ. ನಾನು ನಡುವೆ ಕೂತು ಮಾತು ದಾಟಿಸಿದೆ.

"ಮೊದ್ಲು ಬೀಳಾದು ಬಂಡೆ ಅಲ್ಲ ಅಂತ ಏಳು. ಮಣ್ಣು. ಸಣ್ಣಗೆ, ರಾಗಿ ಇಟ್ಟು ಜರಡಿ ಇಡ್ದಂಗೆ. ಆಮ್ಯಾಕೆ ಮರ ಮಾತಾಡ್ತೈತೆ."

"ಹೇಗೆ ಮಾತಾಡುತ್ತದೆ?" ಎಂದು ಕುರೋದಾ ಕೇಳಿದರು.

ಅಪ್ಪ ಹಲ್ಲು ಕಚ್ಚಿ ಗಂಟಲಲ್ಲೇ ಕಿರ್ರೆನ್ನಿಸಿದ. ನಡುವೆ ನಿಲ್ಲಿಸಿ ಒಮ್ಮೆ ನಾಲಿಗೆಯಿಂದ ಟಪ್ಪೆಂದ. ಕುರೋದಾ ಅವರು ಬರೆದುಕೊಳ್ಳುತ್ತ, ಆ ಸದ್ದು ಕೇಳಿದ ಮೇಲೆ ಎಷ್ಟು ಸಮಯವಿರುತ್ತದೆ ಎಂದರು.

"ಬೀಡಿ ಅಚ್ಕೊಳ್ಳೋವಷ್ಟೊತ್ತು. ಒಂದೊಂದ್ ದಪಾ ಅಷ್ಟೂ ಇರಲ್ಲ."

"ನೀವು ಕೇಳಿದ್ದೀರಾ?"

"ಕೇಳಿವ್ನಿ. ಮೂರ್ ದಪಾ."

"ಕೇಳಿದಾಗ ಏನು ಮಾಡಿದಿರಿ?"

ನಾನು ಪ್ರಶ್ನೆಯನ್ನು ದಾಟಿಸಿದೆ. ಅಪ್ಪ ಕೈಯಲ್ಲಿದ್ದ ಸೌದೆ ಚೂರನ್ನು ಕೆಳಗಿಟ್ಟ.

"ಓಡ್ದೆ," ಎಂದ. ನನ್ನ ಕಡೆ ತಿರುಗಿದ. "ಕಡೇ ದಪಾ ಕದಿರ್ವೇಲು ಇದ್ದ ಜತ್ಯಾಗೆ. ನಿಂಗೆ ಗೊತ್ತಲ್ಲಮ್ಮಾಯಿ."

ಗೊತ್ತಿತ್ತು. ಕದಿರ್ವೇಲು ಮಾಮ ನಮ್ಮ ಲೈನಿನವರೇ, ಅಪ್ಪನ ಜೊತೆ ಜೋಡಿ ಕೆಲಸದವರು. ನಾನು ಚಿಕ್ಕವಳಿದ್ದಾಗ ಬಂಡೆ ಕುಸಿದು ತೀರಿಕೊಂಡರು. ಅಪ್ಪ ಅವರ ವಿಷಯ ಮನೆಯಲ್ಲಿ ಎಂದೂ ಎತ್ತುತ್ತಿರಲಿಲ್ಲ.

"ಅವ್ನು ಇಂದೆ ಇದ್ದ. ಕಿವಿ ಸ್ವಲ್ಪ ಮಂದ ಅವ್ನಿಗೆ. ಮರ ಮಾತಾಡಿದ್ದು ನಂಗ್ ಕೇಳುಸ್ತು. ನಾನು ಕೂಗ್ದೆ ಅನ್ಕೊಂಡಿವ್ನಿ. ಆಚೆ ಬಂದ್ ಮ್ಯಾಕೆ ಎಲ್ಲಾರೂ ಕೇಳುದ್ರು, ಕೂಗ್ದೆ ಅಂದೆ. ಕೂಗಿದ್ನೋ, ಬರೀ ಓಡಿದ್ನೋ, ಈಗ್ಲೂ ಗೊತ್ತಾಗಲ್ಲಮ್ಮಾಯಿ."

ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ನಾನು ಇದನ್ನು ಕೇಳಿರಲಿಲ್ಲ. ಇಂಗ್ಲಿಷಿನಲ್ಲಿ ಹೇಳಲು ಎರಡು ಸಲ ತಡವರಿಸಿದೆ. ಕುರೋದಾ ಅವರು ಅದನ್ನು ಬರೆದುಕೊಳ್ಳಲಿಲ್ಲ. ಪುಸ್ತಕ ಮುಚ್ಚಿ, ಎದ್ದು ನಿಂತು, ಅಪ್ಪನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಅಪ್ಪನಿಗೆ ಗಾಬರಿಯಾಯಿತು. "ಊಟ ಆಕಮ್ಮಾಯಿ ಅವರ್ಗೆ," ಎಂದ. ಮುದ್ದೆ ನುಂಗುವುದು ಹೇಗೆಂದು ಅವರಿಗೆ ಹೇಳಿಕೊಟ್ಟದ್ದೂ ಅವನೇ.

ಕುಸಿತದ ಕಂತಿನ ಚಿತ್ರಗಳು ಬಂದಾಗ ನನ್ನ ಪಾಲಿಗೆ ಬಂದ ಕಟ್ಟಿನಲ್ಲಿ ಹದಿನಾಲ್ಕು ಚಿತ್ರ ಬೇರೆ ಕಾಗದದ್ದಾಗಿದ್ದವು, ಕೊನೆಯಲ್ಲಿ ಸೇರಿಸಿದವು. ಲಾಟೀನಿನ ಗಾಜಿನ ಮೇಲೆ ಸಣ್ಣಗೆ ಮಣ್ಣು ಉದುರುತ್ತದೆ. ಹುಡುಗಿ ನಿಲ್ಲುತ್ತಾಳೆ. ಓಡುವ ಮೊದಲು ಪೂರ್ತಿ ಹಿಂದಕ್ಕೆ ತಿರುಗಿ, ಬಾಯಿ ತೆರೆದು ಕೂಗುತ್ತಾಳೆ. ಮೊದಲಿನ ಚಿತ್ರಗಳಲ್ಲಿ ಅವಳು ಸುಮ್ಮನೆ ಓಡುತ್ತಿದ್ದಳು ಎಂದು ಕುರೋದಾ ಹೇಳಿದರು. ನಾನು ಆ ಬಾಯಿಯ ಗೆರೆಯನ್ನು ಉಸಿರು ಬಿಗಿಹಿಡಿದು ಎಳೆದೆ. ಒಂದು ಕೂದಲೆಳೆಯಷ್ಟೂ ಆಚೀಚೆ ಮಾಡಲಿಲ್ಲ.

ಅವರು ಊರಿಗೆ ಹೋದರು. ಆಮೇಲಿನ ಎರಡು ಮೂರು ವರ್ಷದಲ್ಲಿ ನಮ್ಮ ಕೆಲಸದ ರೀತಿಯೇ ಬದಲಾಯಿತು. ಬಣ್ಣದ ಬಟ್ಟಲುಗಳಿದ್ದ ಜಾಗಕ್ಕೆ ಕಂಪ್ಯೂಟರು ಬಂತು. ಚಿತ್ರವನ್ನು ಯಂತ್ರದ ಒಳಗೆ ಹಾಕಿ, ಒಂದು ಗುಂಡಿ ಒತ್ತಿದರೆ ಮೇಲಂಗಿ ಪೂರ್ತಿ ಕೆಂಪಾಗುತ್ತಿತ್ತು. ಫಿಲೋಮಿನಾ ಅದನ್ನು ನನಗಿಂತ ಬೇಗ ಕಲಿತು ನನಗೂ ಕಲಿಸಿದಳು. ನಾನು ತಪ್ಪು ಗುಂಡಿ ಒತ್ತಿ ವೈದ್ಯನ ಮುಖವನ್ನು ಹಸಿರು ಮಾಡಿದ್ದುಂಟು. ಇನ್ನೊಂದು ಗುಂಡಿ ಒತ್ತಿದರೆ ಸರಿಹೋಗುತ್ತಿತ್ತು. ನಲವತ್ತೆಂಟು ಹಾಳೆ ಮತ್ತೆ ಎಳೆದವಳಿಗೆ ಅದು ಮೋಸದಂತೆ ಕಂಡಿತು. ಈಗ ಹಾಗೆ ಅನ್ನಿಸುವುದಿಲ್ಲ.

ಆ ಸೀರಿಯಲ್ಲು ನಮ್ಮ ಟಿವಿಯಲ್ಲಿ ಬರಲೇ ಇಲ್ಲ. ಕುರೋದಾ ಅವರು ಹೋಗಿ ಒಂದು ವರ್ಷದ ಮೇಲೆ ಆ ಒಂದು ಕಂತಿನ ಕ್ಯಾಸೆಟ್ಟನ್ನು ಅಂಚೆಯಲ್ಲಿ ಕಳಿಸಿದ್ದರು. ಬಿಡುವಿನ ದಿನ ಬೀದಿಯಲ್ಲಿ ವಿಸಿಆರ್ ಇದ್ದವರ ಮನೆಗೆ ಅಪ್ಪನನ್ನು ಕರೆದುಕೊಂಡು ಹೋದೆ. ಚಿತ್ರ ಒಂದೆರಡು ಸಲ ಉರುಳಿ ನಿಂತಿತು. ಮಾತೆಲ್ಲ ಜಪಾನಿಯಲ್ಲಿ. ಅಪ್ಪ ನೆಲದ ಮೇಲೆ, ಟಿವಿಗೆ ತೀರಾ ಹತ್ತಿರ ಕೂತ. ಮಣ್ಣು ಉದುರಿದಾಗ ತಲೆಯಾಡಿಸಿದ. ಹುಡುಗಿ ತಿರುಗಿ ಕೂಗಿದಳು.

"ಏನಂತ ಕೂಗ್ತಾಳಮ್ಮಾಯಿ?"

"ಭಾಷೆ ಗೊತ್ತಿಲ್ಲಪ್ಪಾ. ಬನ್ನಿ ಅಂತಾನೇ ಇರ್ಬೇಕು."

"ಇಂದೆ ಇರೋನ್ಗೆ ಕೇಳುಸ್ತಾ?"

ಪರದೆಯ ಮೇಲೆ ಹೊರೆಯ ಮುದುಕ ತಲೆಯೆತ್ತಿದ. ಹೊರೆ ಎಸೆದು ಓಡಿದ. ಧೂಳು ತುಂಬಿತು. ಆಮೇಲೆ ಬೆಳಕಿಗೆ ಒಬ್ಬೊಬ್ಬರಾಗಿ ಬಂದರು. ಅಪ್ಪ ಬೆರಳು ಮಡಿಸಿ ನಾಲ್ಕು ಎಣಿಸಿದ. ಮನೆಯವರು ಕೊಟ್ಟ ಕಾಫಿ ಮುಟ್ಟಲಿಲ್ಲ.

"ಇನ್ನೊಂದ್ ದಪಾ ಆಕು," ಎಂದ.

ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ. ಹುಡುಗಿ ತಿರುಗಿದಳು, ಕೂಗಿದಳು. ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಕೇಳಿದ.

"ನಾನೂ ಕೂಗಿರ್ತೀನಲ್ವಾ ಅಮ್ಮಾಯಿ?"

"ಕೂಗಿರ್ತೀಯಪ್ಪಾ," ಎಂದೆ.